ರಾಜಮಾರ್ಗವೂ ಕಾಲುದಾರಿಯೂ

ಘಟ್ಟದ ಮೇಲಿನವರು ರಸ್ತೆ ಎನ್ನುವುದನ್ನು ನಮ್ಮ ದಕ್ಷಿಣ ಕನ್ನಡದವರು ಮಾರ್ಗ ಎನ್ನುವರು. ಪಂಡಿತರು ಮಾತ್ರವೇ ಅಲ್ಲ. ಮೀನು ಮಾರುವ ಹೆಂಗಸೂ ರಿಕ್ಷಾದವನೂ ಹಾಗೆಯೇ ಹೇಳುವರು. ಸಂಸ್ಕೃತದ ಶಬ್ದವೊಂದು ಹೀಗೆ ಬೀದಿಯ ಬಾಯಲ್ಲಿ ನೆಲೆಸಿರುವುದನ್ನು ಕೇಳಿದರೆ, ಮೂವತ್ತಮೂರು ವರ್ಷ ಮಕ್ಕಳಿಂದ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿದ ನಮ್ಮಂಥವರಿಗೆ ಸ್ವಲ್ಪ ಹೆಮ್ಮೆಯಾಗುವುದು ಸಹಜವೇ. ಅಮರಸಿಂಹನು ತನ್ನ ಕೋಶದಲ್ಲಿ ದಾರಿಗೆ ಹನ್ನೆರಡು ಹೆಸರುಗಳನ್ನು ಕೊಟ್ಟಿರುವನು. ಅವುಗಳಲ್ಲಿ ಮಾರ್ಗ, ಪದವಿ, ಸರಣಿ, ಪದ್ಧತಿ ಎಂಬುವು ಕನ್ನಡಕ್ಕೆ ಬಂದು ಬೇರೆ ಬೇರೆ ಅರ್ಥಗಳಲ್ಲಿ ಸುಖವಾಗಿರುವುವು. ಕಡೆಯ ಹೆಸರು ಏಕಪದೀ. ಒಂದು ಹೆಜ್ಜೆಯಿಡುವಷ್ಟೇ ಅಗಲವಾದ ಕಾಲುದಾರಿ ಎಂದರ್ಥ. ಅದು ಮಾತ್ರ ನಮ್ಮ ಮಾತಿನಲ್ಲಿ ಸೇರಿಕೊಳ್ಳಲಿಲ್ಲ.

ಮಂಗಳೂರಿಗೆ ಬಂದು ಕೂಡುವ ರಾಷ್ಟ್ರೀಯ ಹೆದ್ದಾರಿಗಳನ್ನು ನೋಡಿರಿ. ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಕಡಲಿನ ಅಂಚು ಹಿಡಿದು ಸಾಗುವ 66ನೆಯದು ಒಂದು. ಚಾರ್ಮಾಡಿ ಘಟ್ಟವನ್ನೇರಿ ತುಮಕೂರಿಗೆ ಹೋಗುವ 73ನೆಯದು ಒಂದು. ಮೂಡುಬಿದಿರೆ, ಕಾರ್ಕಳಗಳ ಮೇಲಿಂದ ಶಿವಮೊಗ್ಗೆಗೆ ಹೋಗುವ 169ನೆಯದು ಇನ್ನೊಂದು. ಬಂಟ್ವಾಳದ ಕಡೆಯಿಂದ ಶಿರಾಡಿಯ ಮೇಲೆ ಬೆಂಗಳೂರಿಗೆ 75, ಮಡಿಕೇರಿಯ ಮೇಲೆ ಮೈಸೂರಿಗೆ 275 ಕವಲೊಡೆಯುವುವು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಅಂಕೆಗಳು ಬಂದುವು. ಅದಕ್ಕೆ ಮುಂಚೆ ಕಡಲಬದಿಯದು 17, ಬೆಂಗಳೂರಿನದು 48. ನಮ್ಮ ವಯಸ್ಸಿನವರು ಹದಿನೇಳು ಎನ್ನುವುದನ್ನು ಇನ್ನೂ ಬಿಟ್ಟಿಲ್ಲ.

ಈ ಮಾರ್ಗಗಳಿಂದ ಆಗಿರುವ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ನಮ್ಮ ತಂದೆಯವರು ತಮ್ಮ ಬಾಲ್ಯದ ಪ್ರಯಾಣಗಳನ್ನು ಹೇಳುವಾಗ ಹೊಳೆ ಸಿಕ್ಕಿದಲ್ಲೆಲ್ಲ ದೋಣಿಗೆ ಕಾದ ಕಥೆಯೇ ಮುಕ್ಕಾಲು ಪಾಲು ಇರುತ್ತಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಕಡವಿನವನ ಮಾತೇ ಕಡೆಯ ಮಾತು. ಮೋಟಾರು ಬಸ್ಸು ಮಾತ್ರ ನಮ್ಮ ಜಿಲ್ಲೆಗೆ ಬೇಗನೆ ಬಂದಿತೆನ್ನಬೇಕು. ಸಿ.ಪಿ.ಸಿ. ಎಂದು ಜನರು ಕರೆಯುತ್ತಿದ್ದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯು ಹುಟ್ಟಿದುದು 1914ರಲ್ಲಿ. ಮೈಸೂರು ಸೀಮೆಯಲ್ಲಿ ಸರಕಾರವೇ ಬಸ್ಸು ನಡೆಸತೊಡಗಿದುದು 1948ರಲ್ಲಿ. 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದ ನಮ್ಮಲ್ಲಿ ಖಾಸಗಿ ಬಸ್ಸುಗಳೇ ಬೇರೂರಿದುವು. ನಗರದೊಳಗೆ ಇಂದಿಗೂ ಅವುಗಳದೇ ಓಡಾಟ. ಇದರಿಂದಾಗಿ 2023ರ ಜೂನಿನಲ್ಲಿ ಸರಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣವು ಉಚಿತವಾದಾಗ ನಮ್ಮೂರ ಗೃಹಿಣಿಯರಿಗೆ ಅದರ ಪಾಲು ಅಷ್ಟಾಗಿ ದೊರೆಯಲಿಲ್ಲ. ಅದು ಬೇರೆಯ ವಿಷಯ, ಇರಲಿ.

ನಾವು ತರುಣರಾಗಿದ್ದಾಗ ಬೆಂಗಳೂರಿಗೆ ಹೋಗುವುದೆಂದರೆ ಸಂಜೆ ಬಸ್ಸು ಹತ್ತಿ, ಶಿರಾಡಿಯ ಗುಂಡಿಗಳಲ್ಲಿ ಮೈಯ ಎಲುಬುಗಳನ್ನೆಲ್ಲ ಎಣಿಸಿಕೊಂಡು, ಬೆಳಗಾದ ಮೇಲೆ ಇಳಿಯುವುದು. 2015ರಲ್ಲಿ ಒಂದು ಸಲ, 2018ರಲ್ಲಿ ಇನ್ನೊಂದು ಸಲ ಆ ಘಟ್ಟವನ್ನು ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಸಿದರು. ಕಲ್ಲಡ್ಕದಲ್ಲಿ ಕೆಸರಿನಲ್ಲಿಯೂ ಧೂಳಿನಲ್ಲಿಯೂ ವರ್ಷಗಟ್ಟಲೆ ಬೇಯುತ್ತಿದ್ದ ಪೇಟೆಯ ಮೇಲೆ ಎರಡು ಕಿಲೋಮೀಟರಿಗೂ ಮೀರಿದ ಮೇಲ್ಸೇತುವೆಯು 2025ರ ಜೂನಿನಲ್ಲಿ ತೆರೆಯಿತು. ಆ ಊರಿನ ಹೆಸರಾಂತ ಚಹವನ್ನು ಕುಡಿಯಬೇಕೆನ್ನುವವರು ಇನ್ನು ಮುಂದೆ ಮನಸ್ಸು ಮಾಡಿ ಕೆಳಗಿಳಿಯಬೇಕು. ದೇಶದ ಲೆಕ್ಕವೂ ಸಾಮಾನ್ಯವಾದುದಲ್ಲ. 2014ರಲ್ಲಿ ಸುಮಾರು 91 ಸಾವಿರ ಕಿಲೋಮೀಟರು ಇದ್ದ ರಾಷ್ಟ್ರೀಯ ಹೆದ್ದಾರಿಗಳ ಉದ್ದವು ಹತ್ತು ವರ್ಷಗಳಲ್ಲಿ 1 ಲಕ್ಷ 46 ಸಾವಿರಕ್ಕೆ ಬೆಳೆಯಿತು. ಇದನ್ನು ಕಂಡು ಮೆಚ್ಚದವನು ಕಣ್ಣಿದ್ದೂ ಕಾಣದವನು.

ಎಲ್ಲ ಕೆಲಸವೂ ಅದೇ ವೇಗದಲ್ಲಿ ಆಯಿತೆಂದಲ್ಲ. ನಮ್ಮ ಪಂಪ್‌ವೆಲ್ಲಿನ ಮೇಲ್ಸೇತುವೆಯನ್ನು ಮಂಗಳೂರಿನವರು ಮರೆಯುವರೇ? ಅರ್ಧ ಮೈಲಿಯೂ ಇಲ್ಲದ ಆ ಸೇತುವೆಗೆ ಸುಮಾರು ಹತ್ತು ವರ್ಷ ಹಿಡಿಯಿತು. ನಿಧಾನವಾದ ಕೆಲಸಕ್ಕೆಲ್ಲ ಪಂಪ್‌ವೆಲ್ ಎಂಬುದೇ ಉಪಮಾನವಾಗಿ, ಮದುವೆಯ ಮಾತು ಮುಂದೆ ಬಿದ್ದರೂ ಆ ಸೇತುವೆಯ ಹೆಸರೆತ್ತಿ ನಗುವಂತಾಯಿತು. 2020ರ ಜನವರಿ 31ರಂದು ಅದು ತೆರೆದಾಗ ಹಾಸ್ಯಗಾರರಿಗೆ ಮಾತ್ರ ನಷ್ಟವಾಯಿತು. ಸುರತ್ಕಲ್ಲಿನ ಸುಂಕದ ಕಟ್ಟೆಯ ಕಥೆ ಬೇರೆ. ಹೆಜಮಾಡಿಯಲ್ಲೊಂದು ಕಟ್ಟೆಯಿದ್ದೂ ಹತ್ತಿರದಲ್ಲಿಯೇ ಇನ್ನೊಂದು ಏಕೆಂದು ಜನರು ಕೇಳುತ್ತಲೇ ಇದ್ದರು. ಅರುವತ್ತು ಕಿಲೋಮೀಟರಿನೊಳಗೆ ಎರಡು ಕಟ್ಟೆಗಳಿರಲಾಗದೆಂದು ಕೇಂದ್ರದ ಮಂತ್ರಿಗಳು 2022ರ ಮಾರ್ಚಿಯಲ್ಲಿ ಲೋಕಸಭೆಯಲ್ಲಿ ಹೇಳಿದ್ದರು. ಆದರೂ ಜನರು ಅಕ್ಟೋಬರಿನಿಂದ ಹಗಲಿರುಳು ಧರಣಿ ಕುಳಿತ ಮೇಲೆಯೇ, ಡಿಸೆಂಬರ್ 1ರಿಂದ ಅಲ್ಲಿಯ ವಸೂಲಿ ನಿಂತಿತು.

ವೃತ್ತಪತ್ರಿಕೆಗಳು ನಾಲ್ಕು ಸಾಲಿನ ಹೆದ್ದಾರಿಯನ್ನು ಚತುಷ್ಪಥ ಎನ್ನುವುವು. ಸಂಸ್ಕೃತದಲ್ಲಿ ಚತುಷ್ಪಥವೆಂದರೆ ನಾಲ್ಕು ದಾರಿಗಳು ಕೂಡುವ ಸ್ಥಳ. ಜನರು ಎದುರಾಗುವ, ನಿಂತು ಮಾತನಾಡುವ, ಈ ಕಡೆಯಿಂದ ಆ ಕಡೆಗೆ ದಾಟುವ ಸ್ಥಳ. ಈಗಿನ ಚತುಷ್ಪಥದಲ್ಲಿ ಇಲ್ಲದಿರುವುದು ಅದೊಂದೇ. ಶಬ್ದಗಳು ಅರ್ಥವನ್ನು ಬದಲಾಯಿಸುವುದು ಹೊಸದಲ್ಲವಾದುದರಿಂದ ಪತ್ರಿಕೆಯವರೊಡನೆ ನಮಗೆ ಜಗಳವಿಲ್ಲ. ಆದರೆ ಕೌಟಿಲ್ಯನು ದಾರಿಗಳ ಅಳತೆಯನ್ನು ಹೇಳಿರುವ ಕ್ರಮವನ್ನು ಇಲ್ಲಿ ನೆನೆಯತಕ್ಕದ್ದು. ರಾಜಮಾರ್ಗಕ್ಕೆ ಎಂಟು ದಂಡ, ಎಂದರೆ ಹೆಚ್ಚುಕಡಿಮೆ ನಲವತ್ತೆಂಟು ಅಡಿ ಅಗಲ. ಆನೆಯ ದಾರಿಗೆ ಎರಡು ದಂಡ. ರಥದ ದಾರಿಗೆ ಐದು ಮೊಳ. ದನಗಳ ದಾರಿಗೆ ನಾಲ್ಕು ಮೊಳ. ಅಲ್ಲಿಗೆ ನಿಲ್ಲಿಸದೆ, ಆಡು ಕುರಿಗಳಿಗೂ ನಡೆದು ಹೋಗುವ ಮನುಷ್ಯನಿಗೂ ಎರಡು ಮೊಳವೆಂದು ವಿಧಿಸಿರುವನು. ಆ ಎರಡು ಮೊಳವನ್ನು ಅಡ್ಡಗಟ್ಟಿದವನಿಗೆ ಹನ್ನೆರಡು ಪಣ ದಂಡ! ದೊಡ್ಡ ದಾರಿಗಳಿಗೆ ಸಾವಿರ ಪಣದವರೆಗೆ ಇರುವುದು ನಿಜ. ಆದರೂ ಕಾಲ್ನಡೆಯವನ ದಾರಿಯು ರಾಜ್ಯದ ಲೆಕ್ಕದೊಳಗೇ ಇದ್ದಿತೆಂಬುದನ್ನು ವಾಚಕರು ಗಮನಿಸಬೇಕು.

ನಮ್ಮ ಅಕ್ಕನವರ ಮನೆಯಿರುವುದು ನಗರದ ಹೊರಗೆ, ಹೆದ್ದಾರಿಯ ಪಡುಬದಿಯಲ್ಲಿ. ಮೂಡುಬದಿಯಲ್ಲಿ ಸರಿಯಾಗಿ ಎದುರಿಗೆ ಬಾಯಮ್ಮ ಒಬ್ಬರ ಮನೆ. ಇವರಿಬ್ಬರ ಸ್ನೇಹಕ್ಕೆ ನಲವತ್ತು ವರ್ಷಗಳಾದುವು. ನಾಗರಪಂಚಮಿಗೆ ಕಡುಬು ಬೇಯಿಸುವ ಅರಿಸಿನದ ಎಲೆ ಬರುತ್ತಿದ್ದುದು ಬಾಯಮ್ಮನ ಹಿತ್ತಿಲಿನಿಂದ. ಸಪ್ಟೆಂಬರ್ 8ರ ತೆನೆಹಬ್ಬದ ದಿನ ಅವರ ಮನೆಯ ಹೊಸಕ್ಕಿಯೂಟಕ್ಕೆ ತರಕಾರಿ ಹೋಗುತ್ತಿದ್ದುದು ಅಕ್ಕನವರ ಅಂಗಳದಿಂದ. ಒಬ್ಬರ ಮನೆಯಲ್ಲಿ ಜ್ವರವೆಂದರೆ ಇನ್ನೊಬ್ಬರ ಮನೆಯಿಂದ ಗಂಜಿ. ನಡುವೆ ಇದ್ದುದು ಎರಡು ಬಸ್ಸುಗಳು ಎದುರುಬದುರಾಗಿ ಹೋಗುವಷ್ಟು ಮಾರ್ಗ. ಬಸ್ಸಿನ ಸದ್ದು ದೂರದಿಂದಲೇ ಕೇಳುತ್ತಿತ್ತು. ಅದು ಚತುಷ್ಪಥವಾದ ಮೇಲೆ ಎರಡು ಮನೆಗಳ ಅಂಗಳಗಳೂ ಅರ್ಧರ್ಧ ಹೋದುವು. ಅದಕ್ಕೆ ಪರಿಹಾರದ ಹಣ ಬಂದಿತು. ಆ ವಿಷಯದಲ್ಲಿ ಅಕ್ಕನವರಿಗೆ ದೂರಿಲ್ಲ. ನಡುವೆ ಎತ್ತರದ ವಿಭಾಜಕ ಬಂದಿತು. ದಾಟುವುದಕ್ಕೆ ಬಿಟ್ಟಿರುವ ಜಾಗವು ಮುಕ್ಕಾಲು ಮೈಲಿ ಆಚೆಗೆ. ಎಪ್ಪತ್ತು ದಾಟಿದ, ಮಂಡಿ ನೋವಿರುವ ಹೆಂಗಸು ಬಿಸಿಲಿನಲ್ಲಿ ಅಷ್ಟು ದೂರ ನಡೆದು, ಓಡುವ ಲಾರಿಗಳ ನಡುವೆ ದಾಟಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ಬಂದು ಗೆಳತಿಯ ಮೆಟ್ಟಿಲನ್ನು ಹತ್ತಬೇಕು. ಈಗ ಇವರಿಬ್ಬರೂ ದಿನಕ್ಕೊಂದು ಸಲ ದೂರವಾಣಿಯಲ್ಲಿ ಮಾತನಾಡುವರು. ಮಾತನಾಡುವಾಗ ಇಬ್ಬರೂ ಜಗಲಿಗೆ ಬಂದು ನಿಲ್ಲುವರು. ವಾಹನಗಳು ತೆರವಾದಾಗ ಒಬ್ಬರಿಗೊಬ್ಬರು ಕಾಣುವರು. ಅರಿಸಿನದ ಎಲೆ ಕಳೆದ ಪಂಚಮಿಗೆ ರಿಕ್ಷಾದಲ್ಲಿ ಬಂದಿತು.

ಇದು ಎರಡು ಮುದುಕಿಯರ ಸಂಕಟವೆಂದು ಯಾರೂ ನಗಬಾರದು. ದೇಶದ ರಸ್ತೆಗಳಲ್ಲಿ 2022ರಲ್ಲಿ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ 61,038 ಮಂದಿ ರಾಷ್ಟ್ರೀಯ ಹೆದ್ದಾರಿಗಳ ಮೇಲೆಯೇ ಸತ್ತರು. ದೇಶದ ಎಲ್ಲ ರಸ್ತೆಗಳ ಉದ್ದದಲ್ಲಿ ಈ ಹೆದ್ದಾರಿಗಳ ಪಾಲು ನೂರಕ್ಕೆ ಸುಮಾರು ಎರಡು ಮಾತ್ರ. ಅದೇ ವರ್ಷ ಎಲ್ಲ ರಸ್ತೆಗಳಲ್ಲಿ ಕೂಡಿ, ಕಾಲ್ನಡೆಯಲ್ಲಿದ್ದು ಸತ್ತವರು 32,825. ಮಾರ್ಗದ ಬದಿಯ ಶಾಲೆಯಲ್ಲಿ ಕೆಲಸ ಮಾಡಿದವರಿಗೆ ಇದು ಬರಿಯ ಅಂಕೆಯಲ್ಲ. ಸಂಜೆ ಗಂಟೆ ಹೊಡೆದ ಮೇಲೆ ಕೆಂಪು ಬಟ್ಟೆ ಕಟ್ಟಿದ ಕೋಲನ್ನು ಹಿಡಿದು ಮಕ್ಕಳನ್ನು ದಾಟಿಸುವ ಕೆಲಸವನ್ನು ನಾವು ಹನ್ನೊಂದು ವರ್ಷ ಮಾಡಿರುವೆವು. ಬದಿಯಲ್ಲಿ ಬಾಳುವವರ ಅಪಾಯವು ವಾಹನಗಳಿಂದ ಮಾತ್ರವೇ ಬರುವುದೂ ಅಲ್ಲ. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡವು ಇದೇ 66ನೆಯ ಹೆದ್ದಾರಿಯ ಮೇಲೆ ಜರಿದಾಗ ಬದಿಯಲ್ಲಿ ಚಹದಂಗಡಿ ಇಟ್ಟುಕೊಂಡಿದ್ದ ಸಂಸಾರವೇ ಅಳಿಯಿತು.

ಹೆದ್ದಾರಿಯೇ ಬೇಡವೆಂದು ನಾವು ಹೇಳುವವರಲ್ಲ. ಹೊರೆ ಲಾರಿಗಳು ಪಣಂಬೂರಿನ ಬಂದರಕ್ಕೆ ಹೋಗಲೇಬೇಕು. ಬೇನೆಯವರು ಹಳ್ಳಿಗಳಿಂದ ಮಂಗಳೂರಿನ ಆಸ್ಪತ್ರೆಗಳಿಗೆ ಹೊತ್ತಿಗೆ ಸರಿಯಾಗಿ ಮುಟ್ಟಲೇಬೇಕು. ನಮ್ಮ ಮಾತು ಇಷ್ಟೆ: ಮಾರ್ಗವನ್ನು ಉದ್ದಕ್ಕೆ ಅಳೆದಂತೆ ಅಡ್ಡಕ್ಕೂ ಅಳೆಯತಕ್ಕದ್ದು. ಇಷ್ಟು ಕಿಲೋಮೀಟರು ಹಾಸಿದೆವೆಂಬ ಪಟ್ಟಿಯ ಪಕ್ಕದಲ್ಲಿ, ಇಷ್ಟು ಕಡೆಗಳಲ್ಲಿ ಮುದುಕರೂ ಮಕ್ಕಳೂ ಅಂಜದೆ ದಾಟುವಂತೆ ಮಾಡಿದೆವೆಂಬ ಪಟ್ಟಿಯೂ ಪ್ರಕಟವಾಗಲಿ. ಮೇಲ್ಸೇತುವೆ ಕಟ್ಟಲು ಬಲ್ಲವರಿಗೆ ನೆಲದಡಿಯಲ್ಲಿ ಒಂದಾಳು ಹಾಯುವ ಕಿಂಡಿಯನ್ನು ಬಿಡುವುದು ದೊಡ್ಡ ವಿದ್ಯೆಯೇನೂ ಅಲ್ಲ. ಹೊಳೆಯ ನೀರಿಗೆ ಮೋರಿ ಬಿಡುವಾಗ ತೋರಿದ ಎಚ್ಚರವನ್ನು ಮನುಷ್ಯರಿಗೂ ತೋರಿದರೆ ಸಾಕು.

ಅಕ್ಕನವರ ಮನೆಯ ಆಸುಪಾಸಿನವರು ಸೇರಿ ಇಂಥದೊಂದು ಕಿಂಡಿಗಾಗಿ ಅರ್ಜಿ ಕೊಟ್ಟಿದ್ದರು. ದಿನಕ್ಕೆ ಎಷ್ಟು ಮಂದಿ ದಾಟುವರೆಂಬ ಲೆಕ್ಕವನ್ನು ಕೊಡಿರೆಂದು ಕಚೇರಿಯಿಂದ ಉತ್ತರ ಬಂದಿತು. ನ್ಯಾಯವಾದ ಪ್ರಶ್ನೆಯೇ. ಒಂದು ಸೋಮವಾರ ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ನಾವೂ ಇಬ್ಬರು ಹುಡುಗರೂ ಅಂಗಡಿಯೊಂದರ ಜಗಲಿಯಲ್ಲಿ ಕುಳಿತು, ದಾಟಿದವರೊಬ್ಬೊಬ್ಬರಿಗೂ ಪುಸ್ತಕದಲ್ಲಿ ಗೆರೆ ಹಾಕಿದೆವು. ಶಾಲೆಯ ಮಕ್ಕಳು, ಬೀಡಿ ಕಟ್ಟುವ ಹೆಂಗಸರು, ಹಾಲಿನವರು, ದೈವಸ್ಥಾನಕ್ಕೆ ಹೂವು ಒಯ್ಯುವವರು ಎಲ್ಲರೂ ಗೆರೆಗಳಾದರು. ಅಕ್ಕನವರು ಚಹ ಕಳಿಸಿಕೊಟ್ಟು, ತಮ್ಮ ಗೆರೆ ಬಿತ್ತೇ ಎಂದು ಹುಡುಗನೊಡನೆ ಕೇಳಿಸಿದರು. ದಾಟದವರಿಗೆ ಗೆರೆ ಹೇಗೆ ಬೀಳುವುದು? ನಾವು ಪುಸ್ತಕದ ಕೊನೆಯ ಪುಟವನ್ನು ತೆಗೆದು, 'ದಾಟುವುದನ್ನು ಬಿಟ್ಟವರು' ಎಂದು ತಲೆಬರಹ ಕೊಟ್ಟು, ಮೊದಲು ಅವರ ಹೆಸರನ್ನೂ ಕೆಳಗೆ ಬಾಯಮ್ಮನ ಹೆಸರನ್ನೂ ಬರೆದೆವು. ಸಂಜೆಯೊಳಗೆ ಆ ಪುಟವೂ ತುಂಬಿತು. ಎರಡನ್ನೂ ಒಟ್ಟಿಗೆ ಹೊಲಿದು ಕಚೇರಿಗೆ ಕೊಟ್ಟಿರುವೆವು.