ಏಕಾಗ್ರತೆಯ ದಾರಿ

ಗೆಲುವಿನ ಕಥೆಗಳಲ್ಲಿ ನನ್ನನ್ನು ಸೆಳೆಯುವುದು ಬಹುಮಾನವಲ್ಲ, ಗೆದ್ದವರ ಮನಸ್ಸು. ವಿಡಿಯೋ ಆಟವನ್ನು ವೃತ್ತಿಯಾಗಿಸಿಕೊಂಡ ಮೊದಲಿಗರಲ್ಲೊಬ್ಬರು, ‘ಥ್ರೆಶ್’ ಎಂಬ ಹೆಸರಿನಿಂದ ಆಡುತ್ತಿದ್ದ ಅಮೆರಿಕದ ಡೆನಿಸ್ ಫಾಂಗ್. 1997ರಲ್ಲಿ ಅಟ್ಲಾಂಟಾದಲ್ಲಿ ‘ಕ್ವೇಕ್’ ಆಟದ ಸ್ಪರ್ಧೆಯನ್ನು ಅವರು ಗೆದ್ದಾಗ, ಆಟವನ್ನು ರಚಿಸಿದವರಲ್ಲೊಬ್ಬರಾದ ಜಾನ್ ಕಾರ್ಮ್ಯಾಕ್ ತಮ್ಮ ಸ್ವಂತ ಫೆರಾರಿ ಕಾರನ್ನೇ ಬಹುಮಾನವಾಗಿ ಇತ್ತರು. ಎದುರಾಳಿಯು ಕಾಣದಿರುವಾಗಲೂ ಅವನ ನಡೆಯನ್ನು ಊಹಿಸಬಲ್ಲ ಅವಧಾನಕ್ಕೆ ಫಾಂಗ್ ಹೆಸರಾಗಿದ್ದರು.

ಆ ಅವಧಾನಕ್ಕೆ ನಾನು ತಲೆಬಾಗುತ್ತೇನೆ. ಆದರೆ ಅದು ಕೊಂದು ಗೆಲ್ಲುವ ಆಟ. ಪರದೆಯ ಮೇಲೆ ಯಾವ ಜೀವಕ್ಕೂ ಹಾನಿಯಿಲ್ಲ, ನಿಜ, ಆಡುವವನ ಭಾವದಲ್ಲಿ?

ಮುಂದೆ ಅವರು ಸ್ಪರ್ಧೆಯನ್ನು ತೊರೆದು, ಆಟಗಾರರು ಪರಸ್ಪರ ಸಂವಾದಿಸಲು ನೆರವಾದ ‘ಎಕ್ಸ್‌ಫೈರ್’ ಸೇವೆಯ ಸ್ಥಾಪಕರಲ್ಲೊಬ್ಬರಾದರು. ಏಕಾಗ್ರತೆಯು ದಾರಿಯನ್ನು ಬದಲಿಸಬಲ್ಲದು. ಮಕ್ಕಳ ಕೈಯಿಂದ ಆಟವನ್ನು ಕಸಿಯುವ ಮುನ್ನ, ಬೇರೊಂದು ದಾರಿಯನ್ನು ತೋರಿದ್ದೇವೆಯೇ ಎಂದು ಹಿರಿಯರಾದ ನಾವು ಕೇಳಿಕೊಳ್ಳಬೇಕು.