ಬೀಗದ ಕೈ ಯಾರ ಬಳಿ?

ಸೀರೆ ಅಂಗಡಿಯಲ್ಲಿ ದುಡ್ಡು ಕೊಟ್ಟು ರಸೀದಿ ಈಸಿಕೊಂಡರೆ ಅಲ್ಲಿಗೆ ವ್ಯವಹಾರ ಮುಗಿಯಿತು. ಅದನ್ನು ಯಾರ ಮದುವೆಗೆ ಉಡುತ್ತೀರಿ ಎಂದು ಅಂಗಡಿಯವನು ಕೇಳುವುದಿಲ್ಲ. ದೇಶದೇಶಗಳ ನಡುವಿನ ಆಯುಧದ ವ್ಯಾಪಾರ ಹಾಗಲ್ಲ ನೋಡಿ. ಮಾಲು ಕೊಂಡವರ ಮನೆಗೆ ಬಂದರೂ ಬೀಗದ ಕೈ ಮಾರಿದವರ ಸೊಂಟದಲ್ಲೇ ಉಳಿಯುತ್ತದೆ. ಬಿಡಿಭಾಗ ಅವರದು, ರಿಪೇರಿ ಅವರದು, ಷರತ್ತೂ ಅವರದೇ.

ಸಮಾಜ ಪಾಠ ಹೇಳುವ ನನಗೆ ಇದು ಚೆನ್ನಾಗಿ ಮನದಟ್ಟಾದದ್ದು ಪಾಕಿಸ್ತಾನದ ಎಫ್-16 ಯುದ್ಧವಿಮಾನಗಳ ಕಥೆಯಿಂದ. 1979ರ ಕೊನೆಯಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿದಾಗ ಅಮೆರಿಕಕ್ಕೆ ಪಾಕಿಸ್ತಾನ ಬೇಕಾಯಿತು. ವಿಮಾನಗಳು ಬಂದವು. ಅದರ ಬಳಿ ಅಣುಬಾಂಬು ಇಲ್ಲವೆಂದು ಅಮೆರಿಕದ ಅಧ್ಯಕ್ಷರು ವರ್ಷವರ್ಷವೂ ದೃಢೀಕರಿಸಿದರೆ ಮಾತ್ರ ನೆರವು ಎಂದು 1985ರಲ್ಲಿ ಪ್ರೆಸ್ಲರ್ ತಿದ್ದುಪಡಿ ಬಂತು. ಗೆಳೆತನ ಬೇಕಿದ್ದಷ್ಟು ದಿನ ಆ ಮಾತೂ ಸಿಕ್ಕಿತು. 1989ರಲ್ಲಿ ಸೋವಿಯತ್ ಸೈನ್ಯ ಹಿಂದೆ ಹೋಯಿತು. 1990ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ದೃಢೀಕರಿಸಲಿಲ್ಲ! ಪಾಕಿಸ್ತಾನ ಕೋಟಿಗಟ್ಟಲೆ ಡಾಲರ್ ಕಟ್ಟಿದ್ದ 28 ವಿಮಾನಗಳು ಅದರ ಕೈಸೇರದೆ ಉಳಿದವು. ತಯಾರಾದವು ಅರಿಜೋನಾದ ಮರುಭೂಮಿಯಲ್ಲಿ ಬಿಸಿಲು ಕಾಯುತ್ತ ನಿಂತವು. ಕಡೆಗೆ 1998ರಲ್ಲಿ ರಾಜಿಯಾಗಿ, ಒಂದಿಷ್ಟು ನಗದು, ಉಳಿದದ್ದಕ್ಕೆ ಗೋಧಿ ಮುಂತಾದ ಸಾಮಾನು ಎಂದು ತೀರ್ಮಾನವಾಯಿತು. ವಿಮಾನ ಕೇಳಿದವರಿಗೆ ಗೋಧಿ!

ನೆರೆಮನೆಯ ಫಜೀತಿ ಎಂದು ನಗುವ ಹಾಗಿಲ್ಲ. ಅದೇ 1998ರ ಮೇ ತಿಂಗಳಲ್ಲಿ ನಾವು ಪೋಖರಣ್‌ನಲ್ಲಿ ಅಣುಪರೀಕ್ಷೆ ಮಾಡಿದಾಗ ಅಮೆರಿಕ ನಮಗೂ ನಿರ್ಬಂಧ ಹಾಕಿತು. ಬೆಂಗಳೂರಿನಲ್ಲಿ ಸಿದ್ಧವಾಗುತ್ತಿದ್ದ ಹಗುರ ಯುದ್ಧವಿಮಾನಕ್ಕೆ ಸಿಗುತ್ತಿದ್ದ ಅವರ ನೆರವು ನಿಂತಿತು. ನಮ್ಮವರು ಛಲ ಬಿಡದೆ ದುಡಿದರು. ಆ ವಿಮಾನ ಮೊದಲು ಹಾರಿದ್ದು 2001ರ ಜನವರಿ 4ರಂದು. ಮುಂದೆ ತೇಜಸ್ ಎಂಬ ಹೆಸರು ಪಡೆಯಿತು.

ಈಗ ನಾವೂ ಅಂಗಡಿ ತೆರೆದಿದ್ದೇವೆ. ರಷ್ಯಾದ ಜೊತೆಗೂಡಿ ತಯಾರಿಸಿದ ಬ್ರಹ್ಮೋಸ್ ಕ್ಷಿಪಣಿಗಳನ್ನು ಫಿಲಿಪ್ಪೀನ್ಸ್‌ಗೆ ಮಾರಲು 2022ರ ಜನವರಿಯಲ್ಲಿ ಸುಮಾರು 37.5 ಕೋಟಿ ಡಾಲರಿನ ಒಪ್ಪಂದವಾಯಿತು. 2024ರ ಏಪ್ರಿಲ್‌ನಲ್ಲಿ ಮೊದಲ ಕಂತು ತಲುಪಿತು. ಆ ದೇಶಕ್ಕೆ ಚೀನಾದೊಡನೆ ಸಮುದ್ರದ ಜಗಳವಿದೆ. ಹಾಗಾಗಿ ಇದು ಬರೀ ವ್ಯಾಪಾರವಲ್ಲ, ಯಾರ ಪಕ್ಕ ನಿಂತಿದ್ದೇವೆ ಎಂದು ಹೇಳುವ ರೀತಿಯೂ ಹೌದು.

ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ತಟ್ಟಲಿ, ನನಗೂ ಹೆಮ್ಮೆಯೇ. ಆದರೆ ಲಾಭದ ಲೆಕ್ಕದ ಪಕ್ಕದಲ್ಲೇ ಬೋರ್ಡಿನ ಮೇಲೆ ಇನ್ನೆರಡು ಪ್ರಶ್ನೆ ಬರೆಯುತ್ತೇನೆ: ನಾವು ಮಾರಿದ್ದು ನಾಳೆ ಯಾರ ಊರಿನ ಮೇಲೆ ಬಿದ್ದೀತು? ಅದನ್ನು ತಡೆಯುವ ಬೀಗದ ಕೈ ಆಗ ನಮ್ಮ ಬಳಿ ಇದ್ದೀತೇ?