ಕೆಲಸವಿಲ್ಲದ ಮೂಗು

ಗಂಡನ ಉಸಿರಿನಲ್ಲಿ ಏಲಕ್ಕಿಯ ಕೆಳಗೆ ಜರ್ದಾ ಬೀಡಾ, ಬೀಡಾದ ಕೆಳಗೆ ಅಡಗಿ ಕುಳಿತ ರಮ್ಮು. ನನ್ನ ಮೂಗು ಇಷ್ಟನ್ನೂ ಪದರ ಪದರವಾಗಿ ಬಿಡಿಸಿ ಹೇಳುತ್ತಿತ್ತು. ಕಿವಿಯೂ ಕಡಿಮೆಯದಲ್ಲ. ಸ್ಕೂಟರಿನ ಸ್ಟ್ಯಾಂಡು ಒಂದೇ ಏಟಿಗೆ ನಿಂತರೆ ನೈಂಟಿ, ಕಾಲು ಜಾರಿ ಜಾರಿ ನಿಂತರೆ ಕ್ವಾರ್ಟರು, ಸ್ಟ್ಯಾಂಡಿನ ಜೊತೆ ಸ್ಕೂಟರೂ ಮಲಗಿದರೆ ಅಂದು ಸಂಬಳದ ದಿನ.

ಇನ್ನು ಬಾಯಿ. "ಜ್ವರ ಸಾರ್, ಎದ್ದು ಕೂರೋಕೂ ಆಗ್ತಿಲ್ಲ" ಅಂತ ಅವರ ಆಫೀಸಿಗೆ ಫೋನು ಮಾಡುವವಳು ನಾನೇ. ಪೇಪರಿನಲ್ಲಿ ಡೆಂಗಿ ಅಂತ ಬಂದರೆ ಸಾಕು, ಮಾರನೇ ದಿನ ಅದು ನಮ್ಮ ಮನೆಗೆ. ಚಿಕೂನ್‌ಗುನ್ಯ ಬಂದ ವರ್ಷವಂತೂ ಬಹಳ ಅನುಕೂಲವಾಯಿತು. ಕೀಲುನೋವು ತಿಂಗಳುಗಟ್ಟಲೆ ಇರುತ್ತದೆಂದು ಮ್ಯಾನೇಜರಿಗೂ ಗೊತ್ತಿತ್ತು.

ಇಷ್ಟೆಲ್ಲ ವಿದ್ಯೆ ಸಂಪಾದಿಸಿ ಕಡೆಗೆ ಬೇರೆಯಾದೆವು. ಆ ಕತೆ ಬೇಡ. ಫ್ಯಾಮಿಲಿ ಕೋರ್ಟಿನ ಬೆಂಚು ಎಲ್ಲರಿಗೂ ಒಂದೇ ಥರ ಒತ್ತುತ್ತದೆ.

ಬೇರೆಯಾದ ಮೇಲೆ ಅವರು ಕುಡಿಯುವುದನ್ನು ಬಿಟ್ಟರು! "ಎ.ಎ. ಮೀಟಿಂಗಿಗೆ ಹೋಗ್ತಾರಂತೆ ಕಣೇ" ಅಂದಳು ಅಮ್ಮ. ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಹೊರಟವರ ಕೂಟ. ಸಂತೋಷವಾಯಿತು, ಒಂದು ನಿಮಿಷ. ಆಮೇಲೆ ಹೊಟ್ಟೆಯುರಿ. ಧರ್ಮಸ್ಥಳದ ಹರಕೆ, ಸೋಮವಾರದ ಒಪ್ಪೊತ್ತು, ಬಾಟಲಿಯ ಲೇಬಲ್ಲಿನ ಮೇಲೆ ನಾನು ಎಳೆದ ಪೆನ್ಸಿಲ್ ಗೆರೆ, ಯಾವುದಕ್ಕೂ ಬಗ್ಗದ ಮನುಷ್ಯ, ಗುರುತು ಪರಿಚಯವಿಲ್ಲದ ನಾಲ್ಕು ಜನ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ತಮ್ಮ ತಮ್ಮ ಗೋಳು ಹೇಳಿಕೊಂಡರೆಂದು ಬಿಟ್ಟುಬಿಡುವುದೇ?

ಆಗ ನನ್ನ ಕೈಹಿಡಿದವಳು ಅಮೆರಿಕದ ಲೋಯಿಸ್. 1935ರಲ್ಲಿ ಅಕ್ರಾನ್ ಊರಿನಲ್ಲಿ ಎ.ಎ. ಹುಟ್ಟುಹಾಕಿದ ಇಬ್ಬರಲ್ಲಿ ಒಬ್ಬನಾದ ಬಿಲ್ ವಿಲ್ಸನ್ನನ ಹೆಂಡತಿ. ವರ್ಷಗಟ್ಟಲೆ ಅವನ ಕುಡಿತ ಸಹಿಸಿದವಳು, ಅವನು ಬಿಟ್ಟ ಮೇಲೆ ಒಂದು ದಿನ "ಮೀಟಿಂಗಿಗೆ ಹೊತ್ತಾಯಿತು, ಬೇಗ ಹೊರಡು" ಎಂದದ್ದಕ್ಕೆ ಷೂ ತೆಗೆದು ಅವನತ್ತ ಎಸೆದಳಂತೆ. ತನ್ನಿಂದಾಗದ್ದು ಬೇರೆಯವರಿಂದ ಆಯಿತಲ್ಲ ಎಂಬ ಸಂಕಟ! ಕುಡುಕರ ಮನೆಯವರಿಗೆಂದೇ 1951ರಲ್ಲಿ ಅಲನಾನ್ ಕೂಟ ಕಟ್ಟಿದವರಲ್ಲಿ ಇವಳೇ ಮುಂದು. ಷೂ ಎಸೆದವಳು ಕಟ್ಟಿದ್ದು ಎಂದು ತಿಳಿದ ಮೇಲೇ ನಾನು ಅಲ್ಲಿಗೆ ಹೋಗುವ ಧೈರ್ಯ ಮಾಡಿದ್ದು.

ಅಲ್ಲಿ ಹೇಳಿಕೊಡುವುದು ಮೂರು ಮಾತು: ಅವರ ಕುಡಿತಕ್ಕೆ ನೀನು ಕಾರಣಳಲ್ಲ, ಅದನ್ನು ಹಿಡಿತದಲ್ಲಿಡಲಾರೆ, ವಾಸಿಯೂ ಮಾಡಲಾರೆ. ಮೊದಲನೆಯದು ಕೇಳಿ ಅತ್ತುಬಿಟ್ಟೆ. ಉಳಿದೆರಡು ಕೇಳಿ ಸಿಟ್ಟು ಬಂತು. ಅಷ್ಟು ವರ್ಷದ ಸರ್ವೀಸಿಗೆ ಇದೇನಾ ಮರ್ಯಾದೆ? ಅವು ಒಳಗಿಳಿಯಲು ಬಹಳ ದಿನ ಹಿಡಿಯಿತು. ಈಗ ರಾತ್ರಿ ಗೇಟು ಸದ್ದಾದರೆ ಮಗ್ಗುಲು ಬದಲಿಸಿ ಮಲಗುತ್ತೇನೆ. ಮೇಲಿನ ಮನೆಯವರು ಲಿಫ್ಟಿನಲ್ಲಿ ಏಲಕ್ಕಿ ಘಮಘಮಿಸುತ್ತ ನಿಂತರೂ ಅವರ ಹೆಂಡತಿಗೆ ಏನೂ ಹೇಳುವುದಿಲ್ಲ. ಇದು ಸಣ್ಣ ಸಾಧನೆಯೆಂದು ಯಾರೂ ತಿಳಿಯಬಾರದು.

ಮೊನ್ನೆ ಒಂದು ಮದುವೆಯಲ್ಲಿ ಅವರು ಎದುರಾದರು. ತುಸು ಮೈ ತುಂಬಿದ್ದಾರೆ. ಮಾತಾಡುತ್ತಿದ್ದಂತೆ ನನ್ನ ಮೂಗು ತಾನಾಗಿಯೇ ಮುಂದೆ ಹೋಯಿತು. "ಪಾಯಸದ ಏಲಕ್ಕಿ" ಎಂದು ಅವರೇ ನಕ್ಕರು. ನಾನೂ ನಕ್ಕೆ. ಹಾಗೆ ಒಟ್ಟಿಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಇದನ್ನೆಲ್ಲ ಪಂಕ್ತಿಯಿಂದ ನೋಡುತ್ತಿದ್ದ ಚಿಕ್ಕಮ್ಮ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ಈಗ ಬಿಟ್ಟಿದಾರಲ್ಲಮ್ಮ, ಮತ್ತೆ ಒಟ್ಟಿಗೆ ಇರಬಾರದಾ?"

"ನಾನೂ ಬಿಟ್ಟಿದೀನಿ ಚಿಕ್ಕಮ್ಮ. ಅವರು ರಮ್ಮು, ನಾನು ಅವರನ್ನ."

ಚಿಕ್ಕಮ್ಮ ಹೋಳಿಗೆಗೆ ಇನ್ನಷ್ಟು ತುಪ್ಪ ಹಾಕಿಸಿಕೊಂಡರು.